ಬಲ್ಬಿನ ತಂತುವಿನಿಂದ ಸೂರ್ಯಬಿಂಬದವರೆಗೆ: ಬೆಳಕಿನ ಲೆಕ್ಕ ಮತ್ತು ಸರಕಿನ ಚಿತ್ರ

ಮಾದರಿ ತೋರಿಸಿ ಸರಕು ಮಾರುವುದು ವ್ಯಾಪಾರದ ಹಳೆಯ ಪದ್ಧತಿ. ಹಿಡಿ ತೊಗರಿಬೇಳೆಯನ್ನು ಅಂಗೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿ ದರ ಹೇಳುತ್ತಿದ್ದ ಕಾಲದಲ್ಲಿ ಮಾದರಿಗೂ ಸರಕಿಗೂ ವ್ಯತ್ಯಾಸ ಬಂದರೆ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಇಂದು ಅನೇಕ ವ್ಯವಹಾರಗಳಲ್ಲಿ ಆ ಮಾದರಿಯ ಸ್ಥಾನವನ್ನು ಛಾಯಾಚಿತ್ರ ಆಕ್ರಮಿಸಿದೆ. ಮುದನಾಳ, ಯಾದಗಿರಿ, ಶಹಾಪುರ, ಸುರಪುರ ಭಾಗದ ವರ್ತಕನು ಬೇಳೆ, ಅಕ್ಕಿ, ಹತ್ತಿಯ ಚಿತ್ರವನ್ನು ಮೊಬೈಲಿನಲ್ಲಿ ದೂರದ ಖರೀದಿದಾರನಿಗೆ ಕಳುಹಿಸುತ್ತಾನೆ. ಆದುದರಿಂದ ಚಿತ್ರ ತೆಗೆಯುವ ವಿದ್ಯೆಯನ್ನು ಕೇವಲ ಹವ್ಯಾಸವೆಂದು ಬದಿಗೆ ಸರಿಸುವಂತಿಲ್ಲ.

ಈ ವಿದ್ಯೆಯನ್ನು ಕಲಿಯಲು ಮೂರು ವಸ್ತುಗಳು ಉತ್ತಮ ಪಾಠಶಾಲೆಗಳಾಗಿವೆ: ಉರಿಯುವ ಬಲ್ಬಿನ ತಂತು, ಹೂವು ಮತ್ತು ಸೂರ್ಯ.

ತಂತು ಕಲಿಸುವ ಪಾಠ

ಬಲ್ಬಿನೊಳಗಿನ ಟಂಗ್‌ಸ್ಟನ್ ತಂತು ಸುಮಾರು 2,500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಳಗುತ್ತದೆ. ಸಾಮಾನ್ಯ ರೀತಿಯಲ್ಲಿ ಚಿತ್ರ ತೆಗೆದರೆ ತಂತು ಕಾಣುವುದೇ ಇಲ್ಲ. ಬಿಳಿಯ ಮಚ್ಚೆಯೊಂದು ಮಾತ್ರ ಉಳಿಯುತ್ತದೆ. ಇದಕ್ಕೆ ಕಾರಣ ಕ್ಯಾಮೆರಾದ ಸ್ವಯಂಚಾಲಿತ ಅಳತೆ. ಎದುರಿನ ದೃಶ್ಯವನ್ನೆಲ್ಲ ಒಟ್ಟಿಗೆ ಸೇರಿಸಿ ಅದು ನಡುವಣ ಬೂದುಬಣ್ಣಕ್ಕೆ ಸಮವೆಂದು ಕ್ಯಾಮೆರಾ ಭಾವಿಸುತ್ತದೆ. ಸುತ್ತಲಿನ ಕತ್ತಲೆಯನ್ನು ಬೂದುಬಣ್ಣಕ್ಕೆ ತರಲು ಹೋಗಿ ತಂತುವನ್ನು ಸುಟ್ಟುಬಿಡುತ್ತದೆ. ಅಳತೆಯನ್ನು ಕೈಯಿಂದ ಹೊಂದಿಸಿ, ಐಎಸ್ಒ 100, ರಂಧ್ರ ಎಫ್/16, ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗ ಎಂಬಲ್ಲಿಂದ ಆರಂಭಿಸಿ ಒಂದೊಂದೇ ಹೆಜ್ಜೆ ಬದಲಿಸುತ್ತ ಹೋದರೆ ಹಿನ್ನೆಲೆ ಕಪ್ಪಾಗಿ ತಂತುವಿನ ಸುರುಳಿಗಳು ಎಣಿಸುವಷ್ಟು ಸ್ಪಷ್ಟವಾಗಿ ಮೂಡುತ್ತವೆ. ಡಿಮ್ಮರ್ ಮೂಲಕ ಬೆಳಕನ್ನು ತಗ್ಗಿಸಿದರೆ ಕೆಲಸ ಇನ್ನೂ ಸುಲಭ.

ಇದೇ ನಿಯಮ ಹತ್ತಿ ಮತ್ತು ಅಕ್ಕಿಯ ಚಿತ್ರಕ್ಕೆ ವಿರುದ್ಧ ದಿಕ್ಕಿನಲ್ಲಿ ಅನ್ವಯಿಸುತ್ತದೆ. ಬಿಳಿಯ ಅರಳೆಯನ್ನು ಬಿಳಿಯ ಹಾಳೆಯ ಮೇಲಿರಿಸಿ ಸ್ವಯಂಚಾಲಿತವಾಗಿ ತೆಗೆದರೆ ಕ್ಯಾಮೆರಾ ಅದನ್ನೂ ಬೂದುಬಣ್ಣಕ್ಕೆ ಇಳಿಸುತ್ತದೆ. ಒಳ್ಳೆಯ ಹತ್ತಿ ಮಸುಕಾಗಿ ಕಾಣುತ್ತದೆ. ಬಣ್ಣ ನೋಡಿ ದರ ಕಟ್ಟುವ ಖರೀದಿದಾರ ಕಡಿಮೆ ದರ ಹೇಳುತ್ತಾನೆ. ಬಿಳಿಯ ಸರಕಿಗೆ ಬೆಳಕಿನ ಅಳತೆಯನ್ನು ಒಂದು ಹೆಜ್ಜೆ ಹೆಚ್ಚಿಸುವುದು, ಕಪ್ಪು ಸರಕಿಗೆ ಒಂದು ಹೆಜ್ಜೆ ತಗ್ಗಿಸುವುದು ಇದಕ್ಕೆ ಪರಿಹಾರ. ಈ ಸೌಲಭ್ಯ ಮೊಬೈಲ್ ಕ್ಯಾಮೆರಾಗಳಲ್ಲಿಯೂ ಇದೆ.

ಬಣ್ಣದ ವಿಚಾರವೂ ಗಮನಾರ್ಹ. ತಂತು ಬಲ್ಬಿನ ಬೆಳಕು ಹಳದಿ ಛಾಯೆಯುಳ್ಳದ್ದು. ಹಗಲು ಬೆಳಕು ಅದಕ್ಕಿಂತ ಬಹಳ ಬಿಳಿ. ಹಳದಿ ಬೆಳಕಿನಲ್ಲಿ ತೆಗೆದ ತೊಗರಿಬೇಳೆ ಇರುವುದಕ್ಕಿಂತ ಹೆಚ್ಚು ಬಣ್ಣವುಳ್ಳದ್ದಾಗಿ ತೋರಿ, ಸರಕು ತಲುಪಿದಾಗ ತಕರಾರಿಗೆ ದಾರಿಯಾಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಿ ಮನ್ನಣೆ ಪಡೆದ ಗುಲ್ಬರ್ಗಾ ತೊಗರಿಬೇಳೆಯ ಹೆಸರಿನಲ್ಲಿ ಮಾರುವವರಿಗೆ ಇಂತಹ ತಕರಾರು ದುಬಾರಿಯೇ ಸರಿ.

ಹೂವು ಕಲಿಸುವ ಪಾಠ

ಹೂವಿನ ಚಿತ್ರಕ್ಕೆ ನೆತ್ತಿಯ ಬಿಸಿಲು ಶತ್ರು. ಮುಂಜಾನೆಯ ಬೆಳಕು ಅಥವಾ ನೆರಳಿನಲ್ಲಿ ಹರಡಿದ ಬೆಳಕು ದಳಗಳ ನಯವನ್ನು ಉಳಿಸುತ್ತದೆ. ಒಂದು ಬದಿಗೆ ಬಿಳಿಯ ರಟ್ಟು ಹಿಡಿದರೆ ನೆರಳಿನ ಭಾಗಕ್ಕೂ ಬೆಳಕು ಸೇರುತ್ತದೆ. ಅತಿ ಸಮೀಪದಿಂದ ತೆಗೆಯುವಾಗ ಕೆಲವೇ ಮಿಲಿಮೀಟರುಗಳಷ್ಟು ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ಆದುದರಿಂದ ಮೂರು ಕಾಲಿನ ಸ್ಟ್ಯಾಂಡ್ ಮತ್ತು ಕಿರಿದಾದ ರಂಧ್ರ ಅಗತ್ಯ. ಕಡುಗೆಂಪು ದಳದಲ್ಲಿ ಕೆಂಪು ಬಣ್ಣದ ಮಟ್ಟ ಮಿತಿ ಮೀರಿ ಗೆರೆಗಳೆಲ್ಲ ಅಳಿಸಿಹೋಗುವುದುಂಟು. ಕೆಂಪು ಮೆಣಸಿನಕಾಯಿ, ಕೆಂಪು ಸೀರೆ, ಬಣ್ಣ ಬಳಿದ ಯಂತ್ರಭಾಗ ಇವೆಲ್ಲವುಗಳಿಗೂ ಇದೇ ಮಾತು ಸಲ್ಲುತ್ತದೆ.

ಸೂರ್ಯ ಕಲಿಸುವ ಪಾಠ

ಸೂರ್ಯನ ವಿಷಯದಲ್ಲಿ ಮೊದಲ ನಿಯಮ ಎಚ್ಚರಿಕೆ. ಮಸೂರದ ಮುಂಭಾಗದಲ್ಲಿ ಸೌರ ಫಿಲ್ಟರ್ ಇಲ್ಲದೆ ದುರ್ಬೀನಿನಿಂದಾಗಲಿ, ಕ್ಯಾಮೆರಾದ ಕಿಂಡಿಯಿಂದಾಗಲಿ ಸೂರ್ಯನನ್ನು ನೋಡಿದರೆ ಕಣ್ಣು ಶಾಶ್ವತವಾಗಿ ಕೆಡಬಹುದು. ಸಾಮಾನ್ಯ ಸೌರ ಫಿಲ್ಟರ್ ಬೆಳಕಿನ ಲಕ್ಷದಲ್ಲೊಂದು ಪಾಲನ್ನು ಮಾತ್ರ ಒಳಬಿಡುತ್ತದೆ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. 500 ಮಿಲಿಮೀಟರ್ ಮಸೂರದಲ್ಲಿಯೂ ಅದರ ಬಿಂಬ ಐದು ಮಿಲಿಮೀಟರಿಗಿಂತ ಚಿಕ್ಕದು.

ಸೂರ್ಯಚಿತ್ರಣದಲ್ಲಿ ಕನ್ನಡ ನಾಡಿನ ಪಾತ್ರ ಸಣ್ಣದಲ್ಲ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ಛಾಯೆ ಕರ್ನಾಟಕವನ್ನು ಹಾದುಹೋದಾಗ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಂಡವು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿತ್ತು. ಇದೇ ಸಂಸ್ಥೆಯ ಕೊಡೈಕನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ದಿನಾಂಕ ಸಹಿತ ಸಂಗ್ರಹಿಸಲಾಗಿದೆ. ಸೂರ್ಯನ ಮೇಲೆ ಕಾಣುವ ಕಪ್ಪು ಎಳೆಗಳಿಗೂ ವಿಜ್ಞಾನಿಗಳು ಫಿಲಮೆಂಟ್ ಎಂದೇ ಹೆಸರಿಟ್ಟಿದ್ದಾರೆ. ಸಂಸ್ಥೆಯು ಹೊಸಕೋಟೆಯ ಆವರಣದಲ್ಲಿ ಸಿದ್ಧಪಡಿಸಿದ ಕರೋನಾಗ್ರಾಫ್ ಉಪಕರಣವು 2023ರ ಸೆಪ್ಟೆಂಬರ್ 2ರಂದು ಆದಿತ್ಯ ಎಲ್1 ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಸಾಗಿತು. ಶತಮಾನ ದಾಟಿದ ಆ ಚಿತ್ರಗಳ ಬೆಲೆ ಅವುಗಳ ಅಂದದಲ್ಲಿಲ್ಲ. ಒಂದೇ ಕ್ರಮದಲ್ಲಿ ತೆಗೆದು ದಿನಾಂಕ ಬರೆದಿಟ್ಟಿರುವುದರಲ್ಲಿದೆ. ಪ್ರತಿ ಲಾಟಿನ ಚಿತ್ರವನ್ನು ಒಂದೇ ಬೆಳಕಿನಲ್ಲಿ ತೆಗೆದು, ಲಾಟಿನ ಸಂಖ್ಯೆ ಮತ್ತು ದಿನಾಂಕದೊಂದಿಗೆ ಕಾಯ್ದಿರಿಸುವ ವರ್ತಕನಿಗೆ ತಕರಾರಿನ ದಿನ ಅದೇ ಆಧಾರವಾಗುತ್ತದೆ.

ಕಾನೂನು ಮತ್ತು ಖರ್ಚು

ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು, 2020ರ ಪ್ರಕಾರ ಜಾಲತಾಣದ ಮಾರುಕಟ್ಟೆಯಲ್ಲಿ ಮಾರುವವನು ತನ್ನ ಸರಕಿನ ವಿವರಣೆ ಮತ್ತು ಚಿತ್ರಗಳು ನಿಜವಾದ ಸರಕಿಗೆ ಹೊಂದುತ್ತವೆಂದು ಮಾರುಕಟ್ಟೆ ಸಂಸ್ಥೆಗೆ ಭರವಸೆ ನೀಡಬೇಕು. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಸರಕಿನಲ್ಲಿ ಇಲ್ಲದಿದ್ದರೆ ಅದನ್ನು ಹಿಂದೆ ಪಡೆಯಲು ನಿರಾಕರಿಸುವಂತಿಲ್ಲ. ಅಂದಗೊಳಿಸಿದ ಚಿತ್ರ ಮಾರಾಟ ತರಬಹುದು. ಹಿಂದಿರುಗಿದ ಸರಕಿನ ಸಾಗಾಣಿಕೆ ಲಾಭವನ್ನು ನುಂಗುತ್ತದೆ.

ಹಕ್ಕುಸ್ವಾಮ್ಯದ ವಿಷಯದಲ್ಲಿ 1957ರ ಕಾಯಿದೆಯ 17ನೇ ಕಲಮು ಸ್ಪಷ್ಟವಾಗಿದೆ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವನೇ ಮೊದಲ ಒಡೆಯ. ಆದರೂ ಬಿಲ್ಲಿನಲ್ಲಿ ಒಂದು ಸಾಲು ಬರೆಸಿಕೊಳ್ಳುವುದು ಕ್ಷೇಮ. ಬೇರೆಯವರ ಪಟ್ಟಿಯಿಂದ ಚಿತ್ರ ಎತ್ತಿ ಬಳಸುವುದು ಉಲ್ಲಂಘನೆಯಾಗುತ್ತದೆ.

ಖರ್ಚಿನ ಅಂದಾಜಿಗೆ ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳಬಹುದು. 40 ಸರಕುಗಳಿಗೆ ತಲಾ 150 ರೂಪಾಯಿಯಂತೆ ವರ್ಷಕ್ಕೆ ಎರಡು ಬಾರಿ ಸ್ಟುಡಿಯೋದಲ್ಲಿ ತೆಗೆಸಿದರೆ 12,000 ರೂಪಾಯಿ. ಸ್ವಂತ ಉಪಕರಣಕ್ಕೆ 30,000 ರೂಪಾಯಿ ಹೂಡಿ ಐದು ವರ್ಷ ಬಳಸಿದರೆ ವರ್ಷಕ್ಕೆ 6,000 ರೂಪಾಯಿ. ಅದಕ್ಕೆ ಸಿಬ್ಬಂದಿಯ ವೇಳೆಯ ಬೆಲೆ ಸೇರಿಸಬೇಕು. ಆ ಬೆಲೆ 6,000 ರೂಪಾಯಿ ಮೀರಿದರೆ ಸ್ಟುಡಿಯೋವೇ ಲೇಸು. ಕ್ಯಾಮೆರಾದ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಪಡೆದರೆ ಅದೇ ತೆರಿಗೆ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ ಎಂಬುದು ನೆನಪಿರಲಿ.

ಕಾಲದ ಎಚ್ಚರಿಕೆ

1905ರ ಆಗಸ್ಟ್ 5ರಂದು ಬೆಂಗಳೂರು ನಗರದಲ್ಲಿ ವಿದ್ಯುದ್ದೀಪ ಬೆಳಗಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ ವರ್ಕ್ಸ್ ನಾಡಿನ ಮನೆಮನೆಗೆ ಬಲ್ಬು ಒದಗಿಸಿ 2003ರಲ್ಲಿ ಬಾಗಿಲು ಮುಚ್ಚಿತು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆ ಎಲ್ಇಡಿ ದೀಪಗಳನ್ನು ಹಳ್ಳಿಗಳಿಗೂ ತಲುಪಿಸಿತು. ಡಿಜಿಟಲ್ ಕ್ಯಾಮೆರಾವನ್ನು 1975ರಲ್ಲಿಯೇ ನಿರ್ಮಿಸಿದ್ದ ಕೊಡಾಕ್ ಕಂಪನಿ 2012ರಲ್ಲಿ ದಿವಾಳಿ ರಕ್ಷಣೆ ಕೋರಬೇಕಾಯಿತು. ಸರಕು ಒಳ್ಳೆಯದಿದ್ದ ಮಾತ್ರಕ್ಕೆ ಮಾರುಕಟ್ಟೆ ಕಾಯುವುದಿಲ್ಲ ಎಂಬುದಕ್ಕೆ ಇವೆರಡೂ ಉದ್ಯಮಗಳು ನಿದರ್ಶನ.

ಅಂಗಡಿಯ ಮೂಲೆಯಲ್ಲಿ ಒಂದು ಕಿಟಕಿ, ಎರಡು ಬಿಳಿಯ ರಟ್ಟು, ಒಂದು ಸ್ಟ್ಯಾಂಡ್ ಮತ್ತು ಒಂದು ದಾಖಲೆ ಪುಸ್ತಕ ಇಷ್ಟಿದ್ದರೆ ಆರಂಭಕ್ಕೆ ಸಾಕು. ಈ ಸುಗ್ಗಿಯ ಮೊದಲ ಲಾಟಿನಿಂದಲೇ ವರ್ತಕ ಬಾಂಧವರು ಇದನ್ನು ಕಾರ್ಯರೂಪಕ್ಕೆ ತರುವುದು ಒಳಿತು.