ಟ್ರಂಕಿನ ಜಬ್ಲಾ, ಮಡಿಕೆಯ ನುಸಿಗುಳಿಗೆ

ಸಾಹುಕಾರರ ಪೇಟೆಯೇ ಬಾಯಿಂದ ಬಾಯಿಗೆ ಸವೆದು ಸೌಕಾರ್‌ಪೇಟೆ ಆಯಿತು. ಚೆನ್ನೈನ ಈ ಬೀದಿಗಳಲ್ಲಿ ಬಟ್ಟೆ, ಲೇಸು, ಗುಂಡಿ ಎಲ್ಲವೂ ಸಗಟಿನಲ್ಲೇ ಸಿಗುತ್ತವೆ, ಹೊಸದಕ್ಕೆ ಬರವಿಲ್ಲ. ಆದರೂ ಮಗು ಬೆಳೆದ ಮೇಲೆ ಅದರ ಬಟ್ಟೆ ಬಿಸಾಡಲು ಮನಸ್ಸು ಬಾರದು. ನಾದಿನಿಗೆ ದಿನ ತುಂಬುತ್ತಿದೆ ಅಂತ ಮೊನ್ನೆ ಅಟ್ಟದಿಂದ ಟ್ರಂಕು ಇಳಿಸಿದೆ. ಮೇಲೆ ಕುಲಾವಿ, ಅದರ ಕೆಳಗೆ ಬೆನ್ನ ಹಿಂದೆ ಲಾಡಿ ಕಟ್ಟುವ ಜಬ್ಲಾಗಳು. ಮಡಿಕೆಗಳ ನಡುವೆ ಕರಗಿ ಬಟಾಣಿಯಷ್ಟಾಗಿದ್ದ ನುಸಿಗುಳಿಗೆಗಳು. ವಾಸನೆ ಮೂಗಿಗೆ ಅಡರಿತು.

‘ಇನ್ನೊಂದು ಮಗು ಉಟ್ಟದ್ದು ಕೂಸಿಗೆ ಸೋಂಕು ತರುತ್ತದೆ’ ಅನ್ನುವವರು ಈಗ ಹೆಚ್ಚು. ನಮ್ಮ ಅಜ್ಜಿಯರು ಇದಕ್ಕೆ ತದ್ವಿರುದ್ಧ. ಹುಟ್ಟಿದ ಮಗುವಿಗೆ ಮೊದಲು ಹಾಕುತ್ತಿದ್ದುದೇ ಹಳೆಯ ಬಟ್ಟೆ. ಒಗೆದು ಒಗೆದು ಮೆತ್ತಗಾದ ಹತ್ತಿ ಎಳೆ ಚರ್ಮಕ್ಕೆ ಹಿತ. ಹೊಸ ಬಟ್ಟೆಗೆ ಸುಕ್ಕು ಬೀಳದಿರಲೆಂದು ಫಾರ್ಮಾಲ್ಡಿಹೈಡ್ ಸೇರಿದ ಲೇಪನ ಕೊಡುವುದುಂಟು. ಹಾಗಾಗಿ ಅಂಗಡಿಯಿಂದ ತಂದದ್ದನ್ನೂ ಒಗೆದೇ ತೊಡಿಸಬೇಕು. ಸೋಪು ಹಾಕಿ ಒಗೆದು ಬಿಸಿಲಿಗೆ ಹರವಿದ ಹಳೆಯ ಜಬ್ಲಾಕ್ಕೆ ಹೆದರಬೇಕಿಲ್ಲ.

ಹೆದರಬೇಕಾದದ್ದು ಆ ಬಿಳಿ ಗುಳಿಗೆಗೆ. ಗುಳಿಗೆ ಇಡದಿದ್ದರೆ ಹುಳ ತಿನ್ನುತ್ತದೆ ಎಂದು ನಾನೂ ನಂಬಿದ್ದೆ. ಬಟ್ಟೆ ಹುಳುವಿನ ಮರಿಗೆ ಬೇಕಾದದ್ದು ಉಣ್ಣೆ, ರೇಷ್ಮೆ. ಶುಭ್ರವಾದ ಹತ್ತಿಯನ್ನು ಅದು ಸಾಮಾನ್ಯವಾಗಿ ಮುಟ್ಟದು. ಚೆನ್ನೈನ ಸೆಕೆಯಲ್ಲಿ ಹತ್ತಿಗೆ ನಿಜವಾದ ಶತ್ರು ಬೂಷ್ಟು. ಅದಕ್ಕೆ ಗುಳಿಗೆ ಬೇಡ, ಚೆನ್ನಾಗಿ ಒಣಗಿಸಿದರೆ ಸಾಕು.

ನ್ಯಾಫ್ತಲಿನ್ ಗುಳಿಗೆ ಗಾಳಿಯಲ್ಲಿ ಕರಗಿ ಬಟ್ಟೆಯೊಳಗೆ ಸೇರುತ್ತದೆ. ಕೆಲವು ಮಕ್ಕಳಿಗೆ ಕೆಂಪು ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ, ಗಂಡುಮಕ್ಕಳಲ್ಲಿ ಹೆಚ್ಚು. ಅಂಥ ಕೂಸಿಗೆ ಈ ಬಟ್ಟೆ ತೊಡಿಸಿದರೆ ರಕ್ತಕಣ ಒಡೆದು ಕಾಮಾಲೆ ಏರಬಹುದು. ವಿಪರೀತವಾದರೆ ಮೆದುಳಿಗೇ ಪೆಟ್ಟು. ನ್ಯಾಫ್ತಲಿನ್ ಎಣ್ಣೆಯಲ್ಲಿ ಕರಗುವಂಥದ್ದು, ಎಣ್ಣೆ ನೀವಿದ ಮೈ ಅದನ್ನು ಇನ್ನಷ್ಟು ಹೀರುತ್ತದೆ. ನಮ್ಮ ಬಾಣಂತನದಲ್ಲಿ ಎಣ್ಣೆ ತಪ್ಪುವುದುಂಟೇ? ಕೊರತೆ ಇದೆಯೋ ಇಲ್ಲವೋ ಎಂದು ನೋಡಿದರೆ ಗೊತ್ತಾಗದು. ಕೆಲವು ಆಸ್ಪತ್ರೆಗಳಲ್ಲಿ ಹಿಮ್ಮಡಿಯ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಹಾಗಾಗಿ ಗುಳಿಗೆಯ ಜೊತೆ ಮಲಗಿದ್ದ ಬಟ್ಟೆಯನ್ನು ನವಜಾತ ಶಿಶುವಿಗೆ ಹಾಕಲೇಬಾರದು. ಮಗುವಿನ ಕಣ್ಣು ಹಳದಿಯಾದರೆ, ಉಚ್ಚೆ ಕಡುಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ, ಗುಳಿಗೆಯ ವಿಷಯವನ್ನೂ ಹೇಳಿ. ಬದಲಿಗೆ ಕರ್ಪೂರ ಇಡೋಣ ಎಂಬ ಯೋಚನೆಯೂ ಬೇಡ. ಮಗು ಬಾಯಿಗೆ ಹಾಕಿಕೊಂಡರೆ ಸೆಳವು ಬರಬಹುದು.

ಬಿಸಿನೀರಿಗೆ ಹಾಕಿದರೆ ಹಾಲಿನ ಕಲೆ ಹೋಗುತ್ತದೆ ಎಂಬುದೂ ತಪ್ಪು. ಬಿಸಿಗೆ ಹಾಲಿನ ಪ್ರೋಟೀನು ಎಳೆಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಲ್ಲಿ ನೆನೆಸಬೇಕು.

ಕಲೆಯಾದದ್ದು, ಹರಿದದ್ದು ಯಾವುದಕ್ಕೂ ಬಾರದು ಅನ್ನುವವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವದಿಯನ್ನು ನೋಡಬೇಕು. ಅಂಗೈಯಗಲದ ತುಂಡೂ ಅಲ್ಲಿ ವ್ಯರ್ಥವಾಗದು. ಅಂಚಿನಿಂದ ಶುರುಮಾಡಿ, ತುಂಡಿನ ಮೇಲೆ ತುಂಡು ಸೇರಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತೊಟ್ಟಿಲ ಕೂಸಿಗೂ ಪುಟ್ಟ ಕವದಿ ಹೊಲಿಯುವುದುಂಟು. ವರ್ಷ ತುಂಬದ ಮಗುವಿಗೆ ಮಾತ್ರ ಮಲಗಿಸುವಾಗ ಅದನ್ನು ಹೊದಿಸಬೇಡಿ, ಮುಖದ ಮೇಲೆ ಜಾರೀತು. ಕೆಳಗೆ ತೆಳ್ಳಗೆ, ಬಿಗಿಯಾಗಿ ಹಾಸಿ.

ನಾದಿನಿಯ ಮಗುವಿಗೆಂದು ಅಕ್ಕನ ಮನೆಯಿಂದ, ಗುಳಿಗೆ ಸೋಕದ ಆರು ಜಬ್ಲಾ ತರಿಸಿದ್ದೇನೆ. ನಮ್ಮ ಟ್ರಂಕಿನವು ಒಗೆದು ಮಹಡಿಯ ಹಗ್ಗದ ಮೇಲೆ ನೇತಾಡುತ್ತಿವೆ. ವಾಸನೆ ಪೂರ್ತಿ ಹೋದ ಮೇಲೆ ಅವುಗಳಲ್ಲಿ ದೊಡ್ಡವರಿಗೊಂದು ಕವದಿ. ಸಿದ್ದಿಯರು ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಹೂವು ಕೂರಿಸುತ್ತಾರೆ, ಅದಿಲ್ಲದಿದ್ದರೆ ಕವದಿ ಬೆತ್ತಲೆಯಂತೆ. ಹಳದಿ ಜಬ್ಲಾದ ತೋಳುಗಳನ್ನು ಅದಕ್ಕೇ ತೆಗೆದಿಟ್ಟಿದ್ದೇನೆ.