ಲಾಸ್ಟ್ ಬೇರೆ, ಥೆಫ್ಟ್ ಬೇರೆ: ಠಾಣೆ-ಕೋರ್ಟಿನ ಇಂಗ್ಲಿಷ್ ಮತ್ತು ದಿಲ್ಲಿ ಕನ್ನಡಿಗರು

ಹೊಸದಿಲ್ಲಿ: ರಾಜೀವ್ ಚೌಕ್ ಮೆಟ್ರೊ ನಿಲ್ದಾಣದ ನೂಕುನುಗ್ಗಲಿನಲ್ಲಿ ಜೇಬಿನ ಮೊಬೈಲ್ ಮಾಯವಾದರೆ ದಿಲ್ಲಿ ಕನ್ನಡಿಗನ ಬಾಯಿಂದ ಬರುವ ಮೊದಲ ಮಾತು ‘ಮೊಬೈಲ್ ಕಳೆದುಹೋಯಿತು’ ಎಂಬುದೇ. ಕದ್ದವನನ್ನು ಕಣ್ಣಾರೆ ಕಾಣದೆ ಯಾರ ಮೇಲೂ ಗೂಬೆ ಕೂರಿಸಬಾರದೆಂಬ ಸಂಕೋಚ ನಮ್ಮವರ ಮಾತಿನಲ್ಲೇ ಇದೆ. ಆದರೆ ಅದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ‘ಲಾಸ್ಟ್’ ಎಂದು ಬರೆದುಕೊಟ್ಟರೆ ಕೆಲಸ ಕೆಟ್ಟಿತೆಂದೇ ತಿಳಿಯಬೇಕು. ದಿಲ್ಲಿ ಪೊಲೀಸರಲ್ಲಿ ‘ಲಾಸ್ಟ್ ರಿಪೋರ್ಟ್’ ಬೇರೆ, ಕಳವಿನ ‘ಇ-ಎಫ್‌ಐಆರ್’ ಬೇರೆ. ಮೊದಲನೆಯದು ಹೊಸ ಸಿಮ್, ಡೂಪ್ಲಿಕೇಟ್ ಲೈಸೆನ್ಸ್, ಪಾಸ್‌ಬುಕ್ ಪಡೆಯಲು ತೋರಿಸುವ ಒಂದು ಕಾಗದ. ಅದರ ಮೇಲೆ ತನಿಖೆ ನಡೆಯುವುದಿಲ್ಲ. ಎರಡನೆಯದು ಮೊಕದ್ದಮೆಯ ಮೊದಲ ಹೆಜ್ಜೆ. ವಸ್ತು ಹೋದದ್ದು ಒಂದೇ, ದುಃಖವೂ ಒಂದೇ. ಆದರೆ ಬರೆದ ಪದಕ್ಕೆ ತಕ್ಕಂತೆ ಒಂದು ಕಾಗದ ಕಡತ ಸೇರುತ್ತದೆ, ಇನ್ನೊಂದು ಕಾಗದ ಕಳ್ಳನನ್ನು ಹುಡುಕಲು ಹೊರಡುತ್ತದೆ.

ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಹುಡುಗರಾಗಲಿ, ಗುರುಗ್ರಾಮ-ನೋಯ್ಡಾದ ಕಂಪನಿಗಳಿಗೆ ಬಂದ ತರುಣರಾಗಲಿ, ಸರಕಾರಿ ಸೇವೆಯಿಂದ ನಿವೃತ್ತರಾಗಿ ಇಲ್ಲಿಯೇ ನೆಲೆಸಿದ ಹಿರಿಯರಾಗಲಿ, ಆಫೀಸಿನ ಇಂಗ್ಲಿಷಿಗೆ ಅಂಜುವವರು ಕಡಿಮೆ. ಅಪರಾಧ ಮತ್ತು ಶಿಕ್ಷೆಯ ಇಂಗ್ಲಿಷಿನದು ಮಾತ್ರ ಬೇರೆಯೇ ಲೆಕ್ಕ. ಅಲ್ಲಿನ ಪದಗಳೆಲ್ಲ ಕೇಳಿದ್ದೇ, ಪತ್ರಿಕೆಯಲ್ಲಿ ದಿನವೂ ಓದಿದ್ದೇ. ಆದರೆ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆ ಎಂಬುದು ಸ್ವಂತಕ್ಕೆ ಬಂದಾಗಲೇ ಅರಿವಾಗುವುದು.

ಥೆಫ್ಟ್ ಮತ್ತು ಬರ್ಗ್ಲರಿಯನ್ನೇ ನೋಡಿ. ಅಂಗಡಿ ಅಥವಾ ಮನೆಗೆ ‘ಬರ್ಗ್ಲರಿ ಪಾಲಿಸಿ’ ಮಾಡಿಸಿದವರು, ಯಾವ ರೀತಿಯ ಕಳವಾದರೂ ಪರಿಹಾರ ಸಿಗುತ್ತದೆಂದು ನಿಶ್ಚಿಂತರಾಗಿರುತ್ತಾರೆ. ದಾಸ್ತಾನು ಕಳೆದುಕೊಂಡ ವ್ಯಾಪಾರಿಯೊಬ್ಬರ ಪ್ರಕರಣ ಇದೇ ಒಂದು ಪದದ ಮೇಲೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪಾಲಿಸಿಯಲ್ಲಿ ಬರ್ಗ್ಲರಿಗೆ ಕೊಟ್ಟ ವಿವರಣೆಯಂತೆ ಬಲಪ್ರಯೋಗದಿಂದ ಒಳನುಗ್ಗಿದ ಕುರುಹು ಇರಬೇಕು, ಅದಿಲ್ಲದ ಬರೀ ಕಳವಿಗೆ ವಿಮೆ ಅನ್ವಯಿಸದು ಎಂದು 2004ರಲ್ಲಿ ನ್ಯಾಯಾಲಯ ವಿಮಾ ಕಂಪನಿಯ ಪರವಾಗಿ ತೀರ್ಪಿತ್ತಿತು. ವಿಶೇಷವೆಂದರೆ ಈ ಭೇದ ಕನ್ನಡದಲ್ಲಿ ಮೊದಲಿನಿಂದಲೂ ಇದೆ. ಕಳವು ಬೇರೆ, ಕನ್ನಗಳವು ಬೇರೆ. ಗೋಡೆಗೆ ಕನ್ನ ಕೊರೆಯದೆ ಕನ್ನಗಳವು ಎಲ್ಲಿಂದ ಬರಬೇಕು? ಬರ್ಗ್ಲರಿಗೆ ಪಕ್ಕದಲ್ಲಿ ಈ ಹಳೆಯ ಪದವನ್ನು ಬರೆದಿಟ್ಟುಕೊಂಡವರಿಗೆ ಪಾಲಿಸಿಯ ಸಣ್ಣ ಅಕ್ಷರಗಳು ಸುಲಭವಾಗಿ ಅರ್ಥವಾಗುತ್ತವೆ.

ಉಳಿದವುಗಳ ಸಂಗತಿಯೂ ಹೀಗೆಯೇ. ಹೆದರಿಸಿ, ಕೇಳಿದವನೇ ತನ್ನ ಕೈಯಾರೆ ತೆಗೆದುಕೊಡುವಂತೆ ಮಾಡಿದರೆ ‘ಎಕ್ಸ್‌ಟಾರ್ಷನ್’. ಕಳವಿನ ಜೊತೆಗೆ ಹೊಡೆತ ಅಥವಾ ತಕ್ಷಣದ ಪ್ರಾಣಭಯ ಸೇರಿದರೆ ‘ರಾಬರಿ’. ಐವರು ಅಥವಾ ಹೆಚ್ಚು ಮಂದಿ ಕೂಡಿ ಮಾಡಿದರೆ ‘ಡಕಾಯಿಟಿ’. ಈ ಕೊನೆಯದು ಇಂಗ್ಲಿಷ್ ನಮ್ಮಲ್ಲಿಂದಲೇ ಸಾಲ ಪಡೆದ ಪದ. ಕನ್ನಡ ಪತ್ರಿಕೆಗಳು ಇವೆಲ್ಲಕ್ಕೂ ‘ದರೋಡೆ’ ಎಂಬ ಒಂದೇ ಶೀರ್ಷಿಕೆ ಹಾಕಿ ಕೈ ತೊಳೆದುಕೊಳ್ಳುತ್ತವೆ ಎಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ದಿಲ್ಲಿಯವರಿಗೆ ದಿನನಿತ್ಯದ ಕಾಟವಾದ ‘ಸ್ನ್ಯಾಚಿಂಗ್’, ಅಂದರೆ ಬೈಕಿನಲ್ಲಿ ಬಂದು ಸರವನ್ನೋ ಮೊಬೈಲನ್ನೋ ಕಿತ್ತುಕೊಂಡು ಹೋಗುವುದು, ಹಳೆಯ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವೇ ಆಗಿರಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದಕ್ಕೆ 304ನೆಯ ಸೆಕ್ಷನ್ ದೊರೆಯಿತು.

ದಿಲ್ಲಿಯಲ್ಲಿ ಈ ಇಂಗ್ಲಿಷನ್ನು ಕಲಿಯಲು ಇನ್ನೊಂದು ತೊಡಕಿದೆ. ಠಾಣೆಯ ಕಾಗದದಲ್ಲಿ ಇಂಗ್ಲಿಷಿನ ಬೆನ್ನಿಗೇ ಉರ್ದು-ಪಾರ್ಸಿ ಪದಗಳು ಕುಳಿತಿರುತ್ತವೆ. ತಹರೀರ್, ತಫ್ತೀಶ್, ರೋಜ್‌ನಾಮ್ಚಾ, ಮುಸ್ತಗೀಸ್ ಮುಂತಾದವು ಇಲ್ಲಿಯೇ ಹುಟ್ಟಿ ಬೆಳೆದವರಿಗೂ ಕಬ್ಬಿಣದ ಕಡಲೆ. ಎಫ್‌ಐಆರ್‌ನಲ್ಲಿ ಇಂಥ ಪದಗಳೇಕೆ ಎಂದು ವಕೀಲರೊಬ್ಬರು ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿದ್ದರು. 2019ರಲ್ಲಿ ಹೈಕೋರ್ಟು, ದೂರುದಾರನ ಮಾತಿನಲ್ಲಿ, ಸಾಮಾನ್ಯನಿಗೆ ತಿಳಿಯುವಂತೆ ಎಫ್‌ಐಆರ್ ಬರೆಯಬೇಕು, ನಿಘಂಟು ತೆರೆದು ಓದಬೇಕಾದಂಥ ಭಾಷೆ ಬೇಡ ಎಂಬ ನಿಲುವು ತಳೆಯಿತು. ಅದೇ ವರ್ಷದ ನವೆಂಬರಿನಲ್ಲಿ ದಿಲ್ಲಿ ಪೊಲೀಸರು 383 ಪದಗಳ ಪಟ್ಟಿಯೊಂದಿಗೆ ಠಾಣೆಗಳಿಗೆ ಸುತ್ತೋಲೆ ಕಳುಹಿಸಿದರು. ನೂರಾರು ವರ್ಷದ ಅಭ್ಯಾಸ ಸುತ್ತೋಲೆಯೊಂದರಿಂದ ಹೋಗುವಂಥದ್ದಲ್ಲ ಎಂಬುದು ಬೇರೆ ಮಾತು.

ಕನ್ನಡಿಗರಿಗೆ ಇಲ್ಲಿ ಅರ್ಧ ಅನುಕೂಲ, ಅರ್ಧ ಅಪಾಯ. ಜಾಮೀನು, ಫಿರ್ಯಾದಿ, ಮಹಜರು, ದಸ್ತಗಿರಿ, ಕೈದಿ, ಗುನ್ನೆ ಎಲ್ಲವೂ ಅದೇ ದಾರಿಯಲ್ಲಿ ಕನ್ನಡಕ್ಕೆ ಬಂದು ಬಿಡಾರ ಹೂಡಿದವು. ಆದ್ದರಿಂದ ‘ಜಮಾನತ್’ ಎಂದೊಡನೆ ಬೇಲ್ ಎಂದು ಊಹಿಸುವುದು ಕಷ್ಟವಲ್ಲ. ‘ಜುರ್ಮಾನಾ’ ಎಂದರೆ ನಮ್ಮ ಜುಲ್ಮಾನೆಯೇ. ಆದರೆ ‘ಖುಲಾಸೆ’ ಎಂಬ ಮಾತಿಗೆ ಮೋಸ ಹೋಗಬಾರದು. ಕನ್ನಡದಲ್ಲಿ ಆರೋಪಿ ಖುಲಾಸೆಯಾದನೆಂದರೆ ಬಿಡುಗಡೆಯಾದನೆಂದು ಅರ್ಥ, ಇಂಗ್ಲಿಷಿನ ‘ಅಕ್ವಿಟಲ್’. ಹಿಂದಿ ವಾರ್ತೆಯಲ್ಲಿ ‘ಖುಲಾಸಾ’ ಎಂದರೆ ಬಯಲಾದ ಗುಟ್ಟು. ಒಂದರಲ್ಲಿ ಮನುಷ್ಯ ಪಾರಾಗುತ್ತಾನೆ, ಇನ್ನೊಂದರಲ್ಲಿ ಸಿಕ್ಕಿಬೀಳುತ್ತಾನೆ. ‘ಶಿಕ್ಷಾ’ ಎಂಬುದಂತೂ ಇಲ್ಲಿಗೆ ಬಂದ ಪ್ರತಿಯೊಬ್ಬ ಕನ್ನಡಿಗನನ್ನೂ ಒಮ್ಮೆ ನಗಿಸಿದ ಪದ. ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯಕ್ಕೆ 2020ರಲ್ಲಿ ಮರಳಿ ಶಿಕ್ಷಾ ಮಂತ್ರಾಲಯವೆಂಬ ಹೆಸರು ಬಂದಾಗ, ಊರಿನಿಂದ ಹೊಸದಾಗಿ ಬಂದವರಿಗೆ ಅದು ಜೈಲು ಖಾತೆಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ! ಬ್ಯಾಂಕಿನವರಿಗೆ ‘ಚಲನ್’ ಎಂದರೆ ಹಣ ಕಟ್ಟುವ ಚೀಟಿ. ದಿಲ್ಲಿಯ ರಸ್ತೆಯಲ್ಲಿ ‘ಚಾಲಾನ್’ ಎಂದರೆ ಟ್ರಾಫಿಕ್ ದಂಡ. ಹಳೆಯ ವಕೀಲರ ಬಾಯಲ್ಲಿ ಅದೇ ಪದ ದೋಷಾರೋಪ ಪಟ್ಟಿ, ಅಂದರೆ ಚಾರ್ಜ್‌ಶೀಟ್. ತೀಸ್ ಹಜಾರಿ ಕೋರ್ಟಿನಲ್ಲಿ ‘ನಾಯಬ್ ಕೋರ್ಟ್’ ಎಂದರೆ ಕೋಣೆಯೂ ಅಲ್ಲ, ನ್ಯಾಯಾಧೀಶರೂ ಅಲ್ಲ. ಕೋರ್ಟಿಗೆ ನೇಮಕಗೊಂಡ ಪೊಲೀಸ್ ಸಿಬ್ಬಂದಿ. ಇನ್ನು ‘ಎನ್‌ಸಿಆರ್’ ನಾವು ವಾಸಿಸುವ ರಾಜಧಾನಿ ಪ್ರದೇಶವೂ ಹೌದು, ಠಾಣೆಯಲ್ಲಿ ‘ನಾನ್ ಕಾಗ್ನಿಜಬಲ್ ರಿಪೋರ್ಟ್’ ಕೂಡ ಹೌದು. ಈ ಎರಡನೆಯದಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಕೈಗೆ ಬಂದ ಕಾಗದದ ಮೇಲೆ ಯಾವ ಅಕ್ಷರಗಳಿವೆ ಎಂದು ಠಾಣೆಯಿಂದ ಹೊರಡುವ ಮೊದಲೇ ನೋಡಿಕೊಳ್ಳುವುದು ಒಳಿತು.

ರಾಜಧಾನಿ ಪ್ರದೇಶವೆಂದರೆ ಒಂದೇ ಪೊಲೀಸ್ ವ್ಯವಸ್ಥೆಯೂ ಅಲ್ಲ. ದಿಲ್ಲಿ ಒಂದು ಕಡೆ, ಹರಿಯಾಣದ ಗುರುಗ್ರಾಮ ಇನ್ನೊಂದು ಕಡೆ, ಉತ್ತರ ಪ್ರದೇಶದ ನೋಯ್ಡಾ ಮತ್ತೊಂದು ಕಡೆ. ಮನೆ ನೋಯ್ಡಾದಲ್ಲಿ, ಘಟನೆ ದಿಲ್ಲಿಯಲ್ಲಿ ಎಂದಾಗ ‘ನಮ್ಮ ವ್ಯಾಪ್ತಿಯಲ್ಲ’ ಎಂಬ ಮಾತು ಕೇಳಬೇಕಾಗುತ್ತದೆ. ಅಲ್ಲಿ ಕೇಳಬೇಕಾದ ಎರಡು ಪದ ‘ಜೀರೋ ಎಫ್‌ಐಆರ್’. ಜೀರೋ ಎಂದರೆ ಬೆಲೆಯಿಲ್ಲದ್ದೆಂದು ಭಾವಿಸುವವರಿದ್ದಾರೆ. ವ್ಯಾಪ್ತಿ ಯಾವುದೇ ಇರಲಿ, ದೂರನ್ನು ಸೊನ್ನೆ ಸಂಖ್ಯೆಯಲ್ಲಿ ದಾಖಲಿಸಿ ಆಮೇಲೆ ಸಂಬಂಧಿಸಿದ ಠಾಣೆಗೆ ಕಳುಹಿಸುವುದು ಎಂದಷ್ಟೇ ಅದರ ಅರ್ಥ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಸೆಕ್ಷನ್ನಿನಲ್ಲಿ ಈಗ ಇದಕ್ಕೆ ಕಾನೂನಿನ ಬಲವಿದೆ.

ಪದಗಳ ಗಡಿ ತಿಳಿಯದಿದ್ದರೆ ಆಗುವ ನಷ್ಟ ಈಚಿನ ವರ್ಷಗಳಲ್ಲಿ ಮೊಬೈಲಿನ ಆಸೆಯನ್ನು ದಾಟಿ ಜೀವಮಾನದ ಉಳಿತಾಯದವರೆಗೆ ಹೋಗಿದೆ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ಬಂಡವಾಳವೇ ಇಂಗ್ಲಿಷ್ ಪದಗಳು. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ’, ‘ಮನಿ ಲಾಂಡರಿಂಗ್ ಕೇಸಿದೆ’, ‘ನಾನ್ ಬೇಲಬಲ್ ವಾರಂಟ್ ಹೊರಟಿದೆ’ ಎಂದು ಸಮವಸ್ತ್ರ ತೊಟ್ಟವನೊಬ್ಬ ವೀಡಿಯೊ ಕರೆಯಲ್ಲಿ ಗದರುತ್ತಾನೆ. ಕರೆ ಕಡಿಯಬಾರದು, ಮಕ್ಕಳಿಗೂ ಹೇಳಬಾರದು, ‘ವೆರಿಫಿಕೇಶನ್’ಗಾಗಿ ಹಣವನ್ನು ಇಂಥ ಖಾತೆಗೆ ಹಾಕಬೇಕು ಎನ್ನುತ್ತಾನೆ. ಮರ್ಯಾದೆಗೆ ಅಂಜಿ ಬದುಕಿದ ನಿವೃತ್ತರು ಬಾಗಿಲು ಹಾಕಿಕೊಂಡು ಕುಳಿತುಬಿಡುತ್ತಾರೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಇಂಥ ಕರೆಯೊಂದರ ಧ್ವನಿಯನ್ನು ಕೇಳಿಸಿ, ಡಿಜಿಟಲ್ ಅರೆಸ್ಟ್ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ ಎಂದು ಹೇಳಿದ್ದರು. ಆ ಕರೆಯನ್ನು ಸ್ವೀಕರಿಸಿದವರು ಕರ್ನಾಟಕದವರು.

ಆ ಗದರಿಕೆಯ ಒಂದೊಂದು ಪದವನ್ನೂ ಬಿಡಿಸಿ ನೋಡಿದರೆ ಸುಳ್ಳು ಅಲ್ಲೇ ಹೊರಬೀಳುತ್ತದೆ. ‘ಅರೆಸ್ಟ್’ ಎಂದರೆ ವ್ಯಕ್ತಿಯನ್ನು ವಶಕ್ಕೆ ಪಡೆಯುವುದು. ಪರದೆಯ ಮೂಲಕ ದಸ್ತಗಿರಿ ಸಾಧ್ಯವಿಲ್ಲ. ಬಂಧಿಸಿದ ಮೇಲೆ ‘ಅರೆಸ್ಟ್ ಮೆಮೊ’ ಬರೆಯಬೇಕು, ಅದಕ್ಕೆ ಮನೆಯವರ ಅಥವಾ ಸ್ಥಳೀಯರೊಬ್ಬರ ಸಾಕ್ಷಿ ಬೇಕು, ಬಂಧುಗಳಿಗೆ ತಿಳಿಸಬೇಕು. ಯಾರಿಗೂ ಹೇಳಬೇಡ ಎನ್ನುವವನು ಪೊಲೀಸನಲ್ಲ ಎಂಬುದಕ್ಕೆ ಇದೊಂದೇ ಸಾಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿಯೇ ಹೇಳುತ್ತದೆ. ‘ವಾರಂಟ್’ ಹೊರಡಿಸುವುದು ನ್ಯಾಯಾಲಯ, ಅದರಲ್ಲಿ ಸಹಿ-ಮೊಹರು ಇರುತ್ತದೆ. ವಿಚಾರಣೆಗೆ ಬರಬೇಕೆಂಬ ‘ನೋಟಿಸ್’ ಬಂಧನವಲ್ಲ. ಪೊಲೀಸರು ಆ ನೋಟಿಸನ್ನು ವಾಟ್ಸಾಪಿನಲ್ಲಿ ಕಳುಹಿಸಿ ಕೈ ತೊಳೆದುಕೊಳ್ಳುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ನಾನ್ ಬೇಲಬಲ್’ ಎಂಬುದಕ್ಕೆ ಜಾಮೀನೇ ಸಿಗದು ಎಂಬ ಅರ್ಥವಿಲ್ಲ. ‘ಬೇಲಬಲ್’ ಅಪರಾಧದಲ್ಲಿ ಜಾಮೀನು ಹಕ್ಕು, ಇನ್ನೊಂದರಲ್ಲಿ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು, ಅಷ್ಟೇ. ಹಣ ಹೋದ ಕೂಡಲೇ 1930ಕ್ಕೆ ದೂರಿತ್ತರೆ, ಹಣ ತಲುಪಿದ ಖಾತೆಯಲ್ಲಿ ಬ್ಯಾಂಕು ಆ ಮೊತ್ತಕ್ಕೆ ‘ಲೀನ್’ ಹಾಕುತ್ತದೆ. ಅಂದರೆ ಅಷ್ಟು ಹಣವನ್ನು ಖಾತೆದಾರ ಮುಟ್ಟದಂತೆ ತಡೆ. ಹೀಗೆ ಲೀನ್ ಬಿದ್ದ ಮಾತ್ರಕ್ಕೆ ಖಾತೆದಾರನನ್ನು ಅಪರಾಧಿಯೆಂದು ಭಾವಿಸುವುದೂ ತಪ್ಪು. ಹಣ ಹಲವು ಕೈ ದಾಟಿ ಅಮಾಯಕ ವ್ಯಾಪಾರಿಯ ಖಾತೆಗೂ ಬಂದಿರಬಹುದು.

ಆರೋಪಿ ‘ಅಕ್ಯೂಸ್ಡ್’, ಅಪರಾಧ ಸಾಬೀತಾದವನು ‘ಕನ್ವಿಕ್ಟ್’. ಇಲ್ಲಿನ ಭಾಷೆಯಲ್ಲಿ ಮುಲ್ಜಿಮ್ ಮತ್ತು ಮುಜ್ರಿಮ್. ಕಿವಿಗೆ ಅಕ್ಕತಂಗಿಯರಂತಿದ್ದರೂ ನಡುವೆ ಇಡೀ ವಿಚಾರಣೆಯೇ ಇದೆ. ‘ಪೊಲೀಸ್ ಕಸ್ಟಡಿ’ ಎಂದರೆ ಠಾಣೆಯ ಲಾಕಪ್ಪು, ‘ಜುಡಿಷಿಯಲ್ ಕಸ್ಟಡಿ’ ಎಂದರೆ ತಿಹಾರ್‌ನಂಥ ಜೈಲು. ‘ಲೈಫ್ ಇಂಪ್ರಿಸನ್‌ಮೆಂಟ್’ 14 ವರ್ಷವೆಂದು ತಿಳಿದವರು ಓದಿದವರಲ್ಲೂ ಇದ್ದಾರೆ. ಅದು ಜೀವನಪರ್ಯಂತವೇ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ, ಗೋಪಾಲ ಗೋಡ್ಸೆಯ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ಸರಕಾರ ಶಿಕ್ಷೆ ಕಡಿಮೆ ಮಾಡಬೇಕಿದ್ದರೂ ಕೊಲೆಯಂಥ ಘೋರ ಪ್ರಕರಣಗಳಲ್ಲಿ 14 ವರ್ಷ ಮುಗಿದಿರಬೇಕು ಎಂಬ ನಿಯಮವೇ ಈ ತಪ್ಪು ತಿಳಿವಳಿಕೆಯ ಮೂಲ.

ಸಂಖ್ಯೆಗಳನ್ನೂ ಮರೆತು ಹೊಸದಾಗಿ ಕಲಿಯಬೇಕಾಗಿದೆ. ಸಿನಿಮಾ ನೋಡಿದ ಯಾರಿಗೂ ‘ತಾಜೀರಾತ್-ಎ-ಹಿಂದ್, ದಫಾ 302’ ಗೊತ್ತು. ಕೊಲೆಯ ಆ ಸೆಕ್ಷನ್ ಈಗ 103. ಮೋಸಗಾರನಿಗೆ ಬೈಗುಳವಾಗಿದ್ದ 420 ಈಗ 318ರ ಉಪವಿಭಾಗ. ಆದರೂ ಚಾರ್‌ಸೌ ಬೀಸ್ ಎಂಬ ಬೈಗುಳಕ್ಕೆ ಮುಪ್ಪಿಲ್ಲ. 511 ಸೆಕ್ಷನ್ನುಗಳ ಇಂಡಿಯನ್ ಪೀನಲ್ ಕೋಡ್ ಹೋಗಿ 358 ಸೆಕ್ಷನ್ನುಗಳ ನ್ಯಾಯ ಸಂಹಿತೆ ಬಂದಿದೆ. ಶಿಕ್ಷೆಗಳ ಪಟ್ಟಿಗೆ ‘ಕಮ್ಯುನಿಟಿ ಸರ್ವಿಸ್’ ಹೊಸ ಸೇರ್ಪಡೆ. 5,000 ರೂ.ಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಬಾರಿ ಕದ್ದು, ಹಿಂದಿರುಗಿಸಿದವನಿಗೆ ಜೈಲಿನ ಬದಲು ಸಮಾಜಸೇವೆಯ ಶಿಕ್ಷೆ.

ಇದನ್ನೆಲ್ಲ ಕಲಿಯುವುದಕ್ಕೆ ಕೋಚಿಂಗ್ ಕ್ಲಾಸು ಬೇಕಿಲ್ಲ. ಮೆಕಾಲೆಯ ಅಧ್ಯಕ್ಷತೆಯ ಕಾನೂನು ಆಯೋಗ 1837ರಲ್ಲಿ ಸಿದ್ಧಪಡಿಸಿ, 1860ರಲ್ಲಿ ಕಾಯಿದೆಯಾದ ದಂಡಸಂಹಿತೆಯಲ್ಲಿ ಪ್ರತಿ ಕಠಿಣ ಪದದ ಕೆಳಗೂ ‘ಎ’ ಮತ್ತು ‘ಜೆಡ್’ ಎಂಬಿಬ್ಬರ ಪುಟ್ಟ ಕಥೆಗಳಿವೆ. ಕಳವು ಎಂಬೊಂದಕ್ಕೇ 16. ಜೆಡ್‌ನ ನಾಯಿಗೆ ತಿನಿಸಿನ ಆಸೆ ತೋರಿಸಿ ಎ ಕರೆದೊಯ್ದರೆ ಅದು ಥೆಫ್ಟ್. ಯಾರ ವಶದಲ್ಲೂ ಇಲ್ಲದೆ ಹೆದ್ದಾರಿಯಲ್ಲಿ ಬಿದ್ದಿದ್ದ ಉಂಗುರವನ್ನು ಎತ್ತಿಕೊಂಡರೆ ಥೆಫ್ಟ್ ಅಲ್ಲ, ಬೇರೆ ಅಪರಾಧವಾಗಬಹುದು. ಹೊಸ ಸಂಹಿತೆಯೂ ಈ ಕಥೆಗಳನ್ನು ಉಳಿಸಿಕೊಂಡಿದೆ. ಹೈಸ್ಕೂಲು ಇಂಗ್ಲಿಷ್ ಬಂದವರಿಗೂ ತಿಳಿಯುವ ಈ ಚಿಕ್ಕ ವಾಕ್ಯಗಳನ್ನು ಆರ್.ಕೆ. ಪುರದ ಕರ್ನಾಟಕ ಸಂಘದ ಸಭಾಂಗಣದಲ್ಲೋ, ಲೋಧಿ ಎಸ್ಟೇಟಿನ ಕನ್ನಡ ಶಾಲೆಯಲ್ಲೋ ಕನ್ನಡಬಲ್ಲ ವಕೀಲರೊಬ್ಬರು ಒಂದು ಸಂಜೆ ಓದಿ ವಿವರಿಸಿದರೆ, ಅದು ಹತ್ತು ಸನ್ಮಾನ ಸಮಾರಂಭಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಇಷ್ಟಾಗಿಯೂ ಇಂಗ್ಲಿಷ್, ಹಿಂದಿ ಎರಡೂ ಬಾರದ ಹುಡುಗನೊಬ್ಬ ಠಾಣೆಯಲ್ಲಿ ನಿಲ್ಲಬೇಕಾದ ಸಂದರ್ಭ ಬರಬಹುದು. ಬಂಧನದ ಕಾರಣಗಳನ್ನು, ಅಂದರೆ ‘ಗ್ರೌಂಡ್ಸ್ ಆಫ್ ಅರೆಸ್ಟ್’ ಅನ್ನು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ಕೊಡಬೇಕೆಂದು 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ತಕ್ಷಣ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ತಿಳಿಸಿ, ರಿಮಾಂಡಿಗೆ ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಲಿಖಿತವಾಗಿ ನೀಡಬೇಕು. ಆ ಭಾಷೆ ಕನ್ನಡವೆಂದು ಕೇಳಲು ಅಡ್ಡಿಯಿಲ್ಲ. ವಕೀಲರನ್ನಿಡಲು ಶಕ್ತಿಯಿಲ್ಲದವರಿಗೆ ಉಚಿತ ಕಾನೂನು ನೆರವಿನ ಸಂಖ್ಯೆ 15100.