ಕೀನ್ಯಾದ ರಾಷ್ಟ್ರೀಯ ಪರಿಸರ ನಿರ್ವಹಣಾ ಪ್ರಾಧಿಕಾರ

ರಾಷ್ಟ್ರೀಯ ಪರಿಸರ ನಿರ್ವಹಣಾ ಪ್ರಾಧಿಕಾರವು ಪೂರ್ವ ಆಫ್ರಿಕಾದ ಕೀನ್ಯಾ ದೇಶದ ಸರ್ಕಾರಿ ಸಂಸ್ಥೆ. 'ನೆಮಾ' ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾದ ಇದು 1999ರ ಪರಿಸರ ಕಾಯ್ದೆಯನ್ವಯ ಸ್ಥಾಪಿತವಾಯಿತು. ಮಾಲಿನ್ಯ ನಿಯಂತ್ರಣ ಮತ್ತು ಪರಿಸರ ಪರಿಣಾಮದ ಪರಿಶೀಲನೆ ಇದರ ಮೂಲ ಕಾರ್ಯ. ಹವಾಮಾನ ಹಣಕಾಸಿನ ಹೊಣೆ ಅನಂತರ ಸೇರಿದ್ದು.

ಹವಾಮಾನ ಹಣಕಾಸು

ಹವಾಮಾನ ಬದಲಾವಣೆಯನ್ನು ಎದುರಿಸಲು ಬಡ ದೇಶಗಳಿಗೆ ದೊರೆಯುವ ನೆರವು ಬಹುಮಟ್ಟಿಗೆ ವಿಶ್ವಬ್ಯಾಂಕಿನಂತಹ ಸಂಸ್ಥೆಗಳ ಮೂಲಕವೇ ಹಾದುಬರುತ್ತದೆ. ಅಂತಾರಾಷ್ಟ್ರೀಯ ಹೊಂದಾಣಿಕೆ ನಿಧಿ ಹಾಗೂ ಹಸಿರು ಹವಾಮಾನ ನಿಧಿಗಳ ಮಾನ್ಯತೆ ಪಡೆದಿರುವ ನೆಮಾ, ಅವುಗಳಿಂದ ನೇರವಾಗಿ ಹಣ ಪಡೆಯಬಲ್ಲದು. ಹೊಂದಾಣಿಕೆ ನಿಧಿಯ ಸುಮಾರು 1 ಕೋಟಿ ಡಾಲರ್ ನೆರವಿನ ಯೋಜನೆಯು ನೀರು ನಿರ್ವಹಣೆ, ಆಹಾರ ಭದ್ರತೆ ಮತ್ತು ಕರಾವಳಿಯ ಕಾಂಡ್ಲಾ ಕಾಡುಗಳ ರಕ್ಷಣೆಯನ್ನು ಒಳಗೊಂಡಿತ್ತು.

ಇಂಗಾಲದ ಮಾರುಕಟ್ಟೆ

ವಾತಾವರಣ ಸೇರದಂತೆ ತಡೆದ ಅಥವಾ ಅದರಿಂದ ಹೀರಿಕೊಂಡ ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಒಂದು 'ಕಾರ್ಬನ್ ಕ್ರೆಡಿಟ್' ಸಲ್ಲುತ್ತದೆ, ಅದನ್ನು ಮಾರಬಹುದು. ಗಾಜಿ ಕೊಲ್ಲಿಯ ಗ್ರಾಮಸ್ಥರು 'ಮಿಕೊಕೊ ಪಮೋಜಾ' ಯೋಜನೆಯಡಿ ಕಾಂಡ್ಲಾ ಕಾಡನ್ನು ಕಾಯ್ದು, ಕ್ರೆಡಿಟ್ ಮಾರಿ ಬಂದ ಹಣವನ್ನು ಶಾಲೆಗೂ ಕುಡಿಯುವ ನೀರಿಗೂ ವಿನಿಯೋಗಿಸಿದರು. ಆಗ ಇಂತಹ ಹಂಚಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಇರಲಿಲ್ಲ. 2023ರಲ್ಲಿ ಹವಾಮಾನ ಬದಲಾವಣೆ ಕಾಯ್ದೆಗೆ ತಿದ್ದುಪಡಿಯಾಗಿ, 2024ರಲ್ಲಿ ನಿಯಮಾವಳಿ ಜಾರಿಗೆ ಬಂದಿತು. ನೆಮಾ ಈ ಮಾರುಕಟ್ಟೆಯ ನಿಯೋಜಿತ ರಾಷ್ಟ್ರೀಯ ಪ್ರಾಧಿಕಾರವಾಗಿದೆ. ಸಮುದಾಯದ ಭೂಮಿಯಲ್ಲಿ ನಡೆಯುವ ಭೂ ಆಧಾರಿತ ಯೋಜನೆಗಳು ಹಿಂದಿನ ವರ್ಷದ ಗಳಿಕೆಯಲ್ಲಿ ಕನಿಷ್ಠ ಶೇ. 40ರಷ್ಟನ್ನು, ಇತರ ಯೋಜನೆಗಳು ಶೇ. 25ರಷ್ಟನ್ನು ಆ ಸಮುದಾಯಕ್ಕೆ ನೀಡಬೇಕು. ಈ ಪಾಲನ್ನು ಲೆಕ್ಕ ಹಾಕುವುದು ವ್ಯವಹಾರದ ವೆಚ್ಚ ಕಳೆದ ಮೇಲೆ. ವೆಚ್ಚವೆಂದು ತೋರಿಸಿದ ಮೊತ್ತ ಹಿಗ್ಗಿದಷ್ಟೂ ಗ್ರಾಮಸ್ಥರ ಪಾಲು ಕುಗ್ಗುತ್ತದೆ. ಆದ್ದರಿಂದ ಲೆಕ್ಕಪತ್ರಗಳ ಪರಿಶೀಲನೆಯು ಶೇಕಡಾವಾರು ಪ್ರಮಾಣದಷ್ಟೇ ಮುಖ್ಯವಾಗಿದೆ.